ಹಸೆಗಟ್ಟೆ ನೀರಿಗಿಳಿದ ದಿನ

ಆ ವರ್ಷ ನೀರು ಹದಿನೆಂಟು ದಿನ ಮೊದಲೇ ಬಂತು. ನಾನಾಗ ಬುಡೇನಸಾಬನ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಸಾಬೂನು ಹಚ್ಚುತ್ತಿದ್ದೆ. ಎರಡು ದಿನದಿಂದ ಮೋಡ ಕವಿದಿತ್ತು. ದೂರದ ಗುಡ್ಡಗಳ ಮೇಲೆ ಮಳೆ ಗುಡುಗುತ್ತಿತ್ತೇ ಹೊರತು ನಮ್ಮ ಕಡೆ ಒಂದು ಹನಿಯೂ ಬಿದ್ದಿರಲಿಲ್ಲ. ಬುಡೇನಸಾಬ ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದು, "ತಡಿಯೋ ಸಾತಪ್ಪ, ವಾಸನಿ ಬಂತು" ಅಂದ.

"ಸಾಬೂನಿಂದು."

"ಸಾಬೂನಲ್ಲೋ ಮಾರಾಯ, ನೀರಿಂದು!" ಎಂದವನೇ ಹೆಗಲ ಮೇಲಿನ ವಸ್ತ್ರದ ಸಮೇತ ಎದ್ದು ಓಡಿದ. ನಾನು ಕತ್ತಿ ಹಿಡಿದುಕೊಂಡೇ ಅವನ ಹಿಂದೆ ಓಡಿದೆ. ಬೀದಿಯಲ್ಲಿ ನಮ್ಮನ್ನು ನೋಡಿದವರು ಏನು ತಿಳಿದುಕೊಂಡರೋ ಗೊತ್ತಿಲ್ಲ, ಅವರೂ ಓಡಿ ಬಂದರು. ಊರ ಕೊನೆಯ ಮೆಟ್ಟಿಲ ಮೇಲೆ ನಿಂತು ನೋಡಿದರೆ, ನಿನ್ನೆ ಸಂಜೆ ಎಮ್ಮೆಗಳು ಮಲಗಿದ್ದ ಬಯಲಿನಲ್ಲಿ ಬೂದು ಬಣ್ಣದ ನೀರು ಸದ್ದಿಲ್ಲದೆ ಹರಡಿಕೊಳ್ಳುತ್ತಿತ್ತು.

ನಮ್ಮೂರಿನ ಮುಂದಿರುವುದು ವರ್ಷದ ಎಂಟು ತಿಂಗಳು ಬಯಲು, ನಾಲ್ಕು ತಿಂಗಳು ನೀರು. ಬಯಲಾಗಿದ್ದಾಗ ಕಲ್ಲಂಗಡಿ ಬೆಳೆಯುತ್ತೇವೆ, ನೀರಾದಾಗ ದೋಣಿ ಬಿಡುತ್ತೇವೆ. ಒಳ್ಳೆಯ ಮರ ಎಂಬುದು ನಮ್ಮಲ್ಲಿ ಇರುವುದೇ ನಲವತ್ತೊಂದು ಹಲಗೆ. ನೀರು ಬಂದಾಗ ಅವನ್ನೆಲ್ಲ ಬಿಸಿಲಂಟಿನಿಂದ ಜೋಡಿಸಿದರೆ ದೋಣಿ. ನೀರು ಹೋದಾಗ ಬಿಚ್ಚಿ ಮನೆಗೊಂದರಂತೆ ಹಂಚಿಕೊಂಡರೆ ಒಬ್ಬನಿಗೆ ಮಂಚ, ಒಬ್ಬನಿಗೆ ಬಾಗಿಲು, ಶಾಲೆಗೆ ಕರಿಹಲಗೆ, ನನಗೆ ಗಿರಾಕಿ ಕೂರಿಸುವ ಬೆಂಚು. ಬಿಸಿಲಂಟು ಹಚ್ಚಿ ಬಿಸಿಲಿಗಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಊದಾ ಕಂದೀಲಿನ ಬೆಳಕು ಬಿದ್ದರೆ ಮತ್ತೆ ಜೇನಿನಂತೆ ಇಳಿಯುತ್ತದೆ. ಇಳಿದದ್ದನ್ನು ಬಳಿದು ಗಡಿಗೆಗೆ ತುಂಬಿಟ್ಟರೆ ಮುಂದಿನ ಕೆಲಸಕ್ಕಾಯಿತು. ಯಾಕೆ ಹಾಗೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ಊರಿನಲ್ಲಿ ಇರುವುದು ಒಂದೇ ಕಟ್ಟುನಿಟ್ಟು: ಯಾವ ಬೆಸುಗೆಯನ್ನೂ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಮತ್ತೆ ಕೂಡಿಸಬೇಕು. ಹಾಗೇ ಬಿಟ್ಟರೆ ಅಂಟು ಹಟಕ್ಕೆ ಬೀಳುತ್ತದೆ, ಆಮೇಲೆ ಯಾವ ಬೆಳಕಿಗೂ ಜಗ್ಗುವುದಿಲ್ಲ. ಹೀಗಾಗಿ ಮಂಚ ಬಿಚ್ಚುವ ವಾರದಲ್ಲಿ ಊರಿಗೆ ಊರೇ ನೆಲದ ಮೇಲೆ ಮಲಗಿ, ಬೆಳಿಗ್ಗೆ ಬೆನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದು ನರಳುತ್ತದೆ.

ಅಂಟು, ಕಂದೀಲು ಎರಡೂ ನೀಲಗಂಗವ್ವನ ಕೈಯಲ್ಲಿದ್ದವು. ಆಗ ಆಕೆಗೆ ಅರವತ್ತೆಂಟು. ಗಟ್ಟಿ ದನಿ, ತೆಳ್ಳಗಿನ ಮೈ, ಸೊಂಟಕ್ಕೆ ಸದಾ ನೇತಾಡುವ ಒಂದು ಅಂಟಿನ ಕುಡಿಕೆ. ಊರಿನಲ್ಲಿ ಆಕೆ ಕೂಡಿಸದ ವಸ್ತುವಿಲ್ಲ, ಬಿಚ್ಚದ ವಸ್ತುವಿಲ್ಲ. ಮದುವೆಗಳನ್ನೂ ಆಕೆಯೇ ಕೂಡಿಸುತ್ತಿದ್ದಳು. ನಮ್ಮಲ್ಲಿ ಮದುವೆಯೆಂದರೆ ನಡುಮಧ್ಯಾಹ್ನ ಹೆಣ್ಣುಗಂಡುಗಳ ಕಿರುಬೆರಳಿಗೆ ಅಂಟು ಹಚ್ಚಿ ಬಿಸಿಲಲ್ಲಿ ಹಿಡಿಯುವುದು. ಮಾರನೆಯ ಮಧ್ಯಾಹ್ನದವರೆಗೆ ಇಬ್ಬರೂ ಹಾಗೇ ಉಣ್ಣಬೇಕು, ತಿರುಗಬೇಕು, ನೆಂಟರಿಗೆ ಕೈ ಮುಗಿಯಬೇಕಾದರೂ ನಾಲ್ಕು ಕೈ ಒಟ್ಟಿಗೆ ಎತ್ತಬೇಕು. ಆ ಒಂದು ದಿನದಲ್ಲಿ ಜಗಳವಾಡದವರು ಮುಂದೆಯೂ ಬಾಳುತ್ತಾರೆ ಎಂದು ನಮ್ಮ ಲೆಕ್ಕ. ಜಗಳವಾಡಿದವರು ಇನ್ನೂ ಚೆನ್ನಾಗಿ ಬಾಳುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಆ ವಾರ ಇದ್ದದ್ದು ನೀಲಗಂಗವ್ವನ ಮೊಮ್ಮಗಳು ಕಸ್ತೂರಿಯದೇ ಮದುವೆ. ಗಂಡು ಮುದಕಪ್ಪ. ಹೆಸರು ಹಾಗಿದ್ದರೂ ಇಪ್ಪತ್ತಮೂರರ ಹುಡುಗ, ನಕ್ಕರೆ ಇಡೀ ಮುಖ ನಗುತ್ತಿತ್ತು. ಅವನು ಕಲ್ಲಂಗಡಿ ಬೆಳೆಯುವವರ ಮನೆಯವನು, ಹುಲಿಗೆವ್ವನ ಮೊಮ್ಮಗ. ತೊಡಕು ಅಲ್ಲಿಯೇ ಇತ್ತು. ಹುಲಿಗೆವ್ವನಿಗೆ ಅಂಟು ಕಂಡರಾಗದು. ಆಕೆಯ ಗುಡಿಸಲಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲವೂ ಹಗ್ಗದ ಬಿಗಿತ. "ಮುಗಿಲು ನೋಡಿ ಕೆಲಸ ಮಾಡೂದು ಅದೆಂಥಾ ಗಟ್ಟಿತನ? ಗಂಟು ಹಾಕಿದ್ನೆಪ್ಪ, ಮಳಿ ಬರಲಿ ಬಿಸಲಾ ಬರಲಿ, ಗಂಟು ಗಂಟಽ" ಎನ್ನುವಳು. ಇದನ್ನು ಆಕೆ ಎಂದೋ ಸಂತೆಯಲ್ಲಿ ಎಲ್ಲರೆದುರು ಅಂದದ್ದು, ನೀಲಗಂಗವ್ವ "ಹಗ್ಗ ಕಟ್ಟೂದು ದನಕ್ಕ" ಎಂದದ್ದು, ಅಲ್ಲಿಗೆ ಇಬ್ಬರ ಮಾತೂ ನಿಂತು ಒಂಬತ್ತು ವರ್ಷವಾಗಿತ್ತು. ಮದುವೆಯ ಮಾತುಕತೆ ಪೂರಾ ನನ್ನ ಮೂಲಕ ನಡೆಯಿತು. "ಹೋಗಿ ಹೇಳು ಆಕಿಗೆ" ಎಂದು ಇವಳು, "ಹೇಳು ಹೋಗು ಆಕಿಗೆ" ಎಂದು ಅವಳು. ಹೇಳಬಾರದ್ದನ್ನು ದಾರಿಯಲ್ಲಿ ಉದುರಿಸಿ, ಉಳಿದದ್ದನ್ನಷ್ಟೇ ತಲುಪಿಸಿ, ಎರಡು ತಿಂಗಳಲ್ಲಿ ಮದುವೆ ಗೊತ್ತು ಮಾಡಿದೆ.

ಮೊಮ್ಮಗಳ ಮದುವೆಗೆಂದು ನೀಲಗಂಗವ್ವ ಮನೆಮನೆಯಿಂದ ಇಪ್ಪತ್ತೆರಡು ಹಲಗೆ ಎರವಲು ತಂದು, ಎಂಟು ಕಲ್ಲುಗಂಬಗಳ ಮೇಲೆ ಎಂಥ ಹಸೆಗಟ್ಟೆ ಕಟ್ಟಿದ್ದಳೆಂದರೆ, ಅಂಥದ್ದು ಊರು ಕಂಡಿರಲಿಲ್ಲ. ನನ್ನ ಬೆಂಚೂ ಅದರಲ್ಲಿ ಸೇರಿತ್ತು. ಮೋಡ ಬರುವ ಮುಂಚೆ ನಾಲ್ಕು ಮಧ್ಯಾಹ್ನ ಬೆಂಕಿಯಂಥ ಬಿಸಿಲು ಬಿದ್ದು ಅಂಟು ಹಲಗೆಗಿಂತ ಗಟ್ಟಿಯಾಗಿತ್ತು. ಬೆರಳಿನಿಂದ ಬಡಿದರೆ ಹಿತ್ತಾಳೆಯ ತಟ್ಟೆಯ ಸದ್ದು. ಮದುವೆಗೆ ಇನ್ನು ಮೂರು ದಿನವಿತ್ತು. ಊಟಕ್ಕೆ ಹಣ್ಣು ಬೇಕೆಂದು ಹುಲಿಗೆವ್ವ, ಮುದಕಪ್ಪ, ಅವರ ಕಡೆಯ ಇನ್ನೂ ಹದಿನೇಳು ಮಂದಿ ಬಯಲಿನ ನಡುವಿನ ದಿಬ್ಬಕ್ಕೆ ಕೊನೆಯ ಕೊಯಿಲಿಗೆ ಹೋಗಿದ್ದರು. ನೀರು ಬಂದದ್ದು ಆಗ.

ಮೆಟ್ಟಿಲ ಮೇಲೆ ನಿಂತಿದ್ದ ನಮಗೆಲ್ಲ ಅದು ಒಟ್ಟಿಗೆ ನೆನಪಾಯಿತು. ಕೂಗಿದರೆ ಕೇಳದಷ್ಟು ದೂರದಲ್ಲಿ ದಿಬ್ಬದ ಮೇಲಿನ ಗುಡಿಸಲು ಕಾಣುತ್ತಿತ್ತು. ಅದರ ಮೇಲೆ ಯಾರೋ ಕೆಂಪು ಸೀರೆ ಬೀಸುತ್ತಿದ್ದರು. ನಡೆದು ಹೋಗೋಣವೆಂದರೆ ಆ ಕೆಸರು ಆನೆಯನ್ನೂ ಬಿಡುವುದಿಲ್ಲ. ಈಜೋಣವೆಂದರೆ ಕೆಳಗೆಲ್ಲ ಕಲ್ಲಂಗಡಿ ಬಳ್ಳಿ, ಕಾಲಿಗೆ ಸುತ್ತಿಕೊಂಡರೆ ಮುಗಿಯಿತು. ಬುಡೇನಸಾಬ ದೋಣಿ ನಡೆಸುವವನು, ನೀರಿನ ಲೆಕ್ಕ ಅವನಿಗೆ ಗೊತ್ತು. "ಇವತ್ತ ದಿಬ್ಬದ ಬುಡ ಮುಟ್ಟೈತಿ. ನಾಳಿ ಮೊಣಕಾಲು. ನಾಡಿದ್ದು ಗುಡಿಸಲಾ ತೇಲತೈತಿ" ಅಂದ. ಒಂದು ಕೆನ್ನೆ ಬೋಳು, ಒಂದು ಕೆನ್ನೆ ಸಾಬೂನು; ಆದರೂ ಯಾರೂ ನಗಲಿಲ್ಲ.

ಊರೆಲ್ಲ ಉಳಿದ ಹತ್ತೊಂಬತ್ತು ಹಲಗೆ ಹೊತ್ತು ತಂದಿತು. ಎಣ್ಣೆಯವನು ತನ್ನ ಮಂಚ ತಂದ. ಶಾಲೆಯ ಮರಿಯಪ್ಪ ಮೇಷ್ಟ್ರು ಮಗ್ಗಿ ಬರೆದಿದ್ದ ಕರಿಹಲಗೆಯನ್ನು ಅಳಿಸದೆ ಹಾಗೇ ತಂದರು. ನೀಲಗಂಗವ್ವ ಬಂದು, ಹಲಗೆಗಳ ಕಡೆ ನೋಡದೆ ಆಕಾಶ ನೋಡಿದಳು. ಮೋಡ ಕಂಬಳಿ ಹೊದಿಸಿದಂತಿತ್ತು.

"ಹಿಡಿಯೂದಿಲ್ಲ" ಅಂದಳು.

"ತೆಳ್ಳಗ ಹಚ್ಚಿದ್ರ?" ಮೇಷ್ಟ್ರು ಕೇಳಿದರು. "ತೆಳು ಅಂಟು ಮಬ್ಬಿಗೂ ಹಿಡೀತೈತಿ ಅಂತೀರಲ್ಲ."

"ಹಿಡೀತೈತಿ, ನೊಣದ ಕಾಲು. ಹತ್ತೊಂಬತ್ತು ಮಂದಿ ಕೂತ್ರ ನಡುನೀರಾಗ ಹಲ್ಲು ಕಿಸೀತೈತಿ. ದಪ್ಪ ಅಂಟಿಗೆ ಬಿಸಲಾ ಬೇಕು ಮೇಷ್ಟ್ರ. ಬರೇ ಬೆಳಕು ಸಾಲೂದಿಲ್ಲ."

ಆ ದಿನವೆಲ್ಲ ಆಕಾಶ ನೋಡುತ್ತಾ ಕುಳಿತೆವು. ಮಾರನೆಯ ಬೆಳಿಗ್ಗೆಯೂ ಅದೇ ಕಂಬಳಿ. ಬುಡೇನಸಾಬ ಕಣ್ಣಿಗೆ ಕೈ ಅಡ್ಡ ಹಿಡಿದು, "ನಿನ್ನೆ ಗುಡಿಸಲ ಬಾಗಲಾ ಕಾಣತಿತ್ತು, ಇವತ್ತ ಅರ್ಧ ಐತಿ" ಅಂದ. ನೀಲಗಂಗವ್ವ ಮನೆಯ ಕಡೆ ನಡೆದಳು. ನಾನೂ ಹಿಂದೆ ಹೋದೆ. ಆಕೆ ಅಷ್ಟು ನಿಧಾನ ನಡೆದದ್ದನ್ನು ನಾನು ಕಂಡಿರಲಿಲ್ಲ.

ಹಸೆಗಟ್ಟೆಯ ಮೇಲೆ ಕಸ್ತೂರಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಮೈಗೆಲ್ಲ ಅರಿಶಿನ. ಅಜ್ಜಿ ಹತ್ತಿರ ಬಂದ ಮೇಲೆ ಕೈಯಿಂದ ಹಲಗೆಯನ್ನು ಒಮ್ಮೆ ಬಡಿದಳು. ಹಿತ್ತಾಳೆಯ ಸದ್ದು.

"ಅಜ್ಜಿ, ಇದು ಹಿಡದೈತೆಲ್ಲ."

ನೀಲಗಂಗವ್ವ ನಿಂತಲ್ಲೇ ನಿಂತಳು. ಆಕೆಗೂ ಅದು ಹೊಳೆದಿತ್ತು ಎಂದು ನನಗನ್ನಿಸುತ್ತದೆ, ಬಾಯಿಬಿಟ್ಟು ಹೇಳಲು ಮನಸ್ಸು ಬಂದಿರಲಿಲ್ಲ ಅಷ್ಟೆ. ಅರಿಶಿನ ಹಚ್ಚಿದ ಮೇಲೆ ಹಸೆಗಟ್ಟೆಯನ್ನು ಕದಲಿಸಬಾರದು ಎನ್ನುತ್ತಾರೆ ನಮ್ಮಲ್ಲಿ. "ಹಸಿ ಕಿತ್ತರ ಚೊಲೋ ಅಲ್ಲ, ಕೂಸ" ಎಂದಳು.

"ಅಂವನಽ ಇಲ್ಲದ ಮ್ಯಾಲೆ ಇದರ ಮ್ಯಾಲೆ ಕೂತು ನಾ ಏನ್ ಕಲ್ಲಂಗಡಿ ಹಣ್ಣು ಮದಿವ್ಯಾಗ್ಲೇನು?" ಎಂದಳು ಕಸ್ತೂರಿ. ನೀಲಗಂಗವ್ವ ಸೆರಗು ಬಿಗಿದಳು. "ಸಾತಪ್ಪ, ಊರ ಹೆಂಗಸರಿಗೆಲ್ಲ ಹೇಳು. ಮನ್ಯಾಗ ಎಷ್ಟು ಕಾಡಿಗಿ ಐತೋ ಅಷ್ಟೂ ತರಲಿ. ಹಳೀದು ಹೊಸದು ನೋಡಬ್ಯಾಡ ಅನ್ನು."

ಕಾಡಿಗೆ ಯಾಕೆಂದರೆ, ಹಸೆಗಟ್ಟೆಯನ್ನು ಎಂಟು ಕಲ್ಲುಗಂಬಗಳಿಂದ ಬಿಡಿಸಬೇಕು, ಆದರೆ ಹಲಗೆ ಹಲಗೆಯ ನಡುವಿನ ಇಪ್ಪತ್ತೊಂದು ಬೆಸುಗೆಗಳಿಗೆ ಊದಾ ಬೆಳಕಿನ ಎಳೆಯೂ ತಾಗಬಾರದು. ತಾಗಿದರೆ ಅದೂ ಇಳಿಯುತ್ತದೆ, ಮತ್ತೆ ಗಟ್ಟಿ ಮಾಡಲು ಬಿಸಿಲಿಲ್ಲ. ಬೆಳಕನ್ನು ಕುಡಿಯುವಂಥದ್ದು ಕಾಡಿಗೆಗಿಂತ ಬೇರೆ ಏನಿದೆ? ಗಳಿಗೆಯೊಳಗೆ ಹೆಂಗಸರು ಬಂದರು. ಬೆಳ್ಳಿಯ ಕರಡಿಗೆ, ತೆಂಗಿನ ಚಿಪ್ಪು, ಎಲೆಯ ಮಡಿಕೆ, ಯಾರೋ ಒಬ್ಬಳು ತನ್ನ ಕೂಸಿನ ಹಣೆಯ ದೃಷ್ಟಿಬೊಟ್ಟನ್ನೇ ಬೆರಳಿನಿಂದ ಬಳಿದು ತಂದಿದ್ದಳು. ಕಟ್ಟೆಯ ಕೆಳಗೆ ತೂರಿ, ಅಂಗಾತ ಮಲಗಿ, ಒಬ್ಬೊಬ್ಬರು ಒಂದೊಂದು ಬೆಸುಗೆಗೆ ಕಾಡಿಗೆ ತುಂಬತೊಡಗಿದೆವು. ಮೂಗಿನ ಮೇಲೆ, ಹಲ್ಲಿನ ಮೇಲೆ ಕಾಡಿಗೆ ಉದುರುತ್ತಿತ್ತು. ಒಬ್ಬರನ್ನೊಬ್ಬರು ನೋಡಿ, ಅಷ್ಟು ಆತಂಕದ ನಡುವೆಯೂ ಕೆಳಗೆ ಮಲಗಿದವರೆಲ್ಲ ಕಿಸಕ್ಕನೆ ನಗತೊಡಗಿದರು. "ನಗಬ್ಯಾಡ್ರಿ, ಕೈ ಅಲಗ್ಯಾವು!" ಎಂದು ನೀಲಗಂಗವ್ವ ಗದರಿದಳು. ಗದರುತ್ತಾ ತಾನೂ ನಕ್ಕಳು.

ದಕ್ಷಿಣದಿಂದ ಮೂರನೆಯ ಬೆಸುಗೆ ನನ್ನದು. ಕೊನೆಗೆ ಒಂದು ಗೇಣು ಉಳಿದಾಗ ನನ್ನ ಚಿಪ್ಪು ಖಾಲಿಯಾಯಿತು. ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು. ಆದರೆ ಎಲ್ಲರೂ ಮುಗಿಸಿ ಹೊರಗೆ ಬರುತ್ತಿದ್ದರು, ನಾನೊಬ್ಬನೇ ತಡಮಾಡುತ್ತಿದ್ದೆ. ಇದ್ದದ್ದನ್ನೇ ಬೆರಳಿನಿಂದ ಎಳೆದು ತೆಳ್ಳಗೆ ಸವರಿ ಹೊರಗೆ ಬಂದುಬಿಟ್ಟೆ. ಅದನ್ನು ಯಾರಿಗೂ ಹೇಳಲಿಲ್ಲ.

ನೀಲಗಂಗವ್ವ ಕಂದೀಲು ಹಚ್ಚಿಕೊಂಡು ಕೆಳಗೆ ಹೋದಳು. ಸುತ್ತ ಒದ್ದೆ ಕಂಬಳಿ ಇಳಿಬಿಟ್ಟಿದ್ದೆವು. ಸಂದಿಯಿಂದ ಬದನೆಕಾಯಿ ಬಣ್ಣದ ಬೆಳಕು ಒಂದೊಂದು ಕಂಬದ ಬಳಿ ಸರಿಯುವುದು ಕಾಣುತ್ತಿತ್ತು. ಒಳಗಿನಿಂದ ಆಕೆ ಎಣಿಸುತ್ತಿದ್ದಳು. "ಒಂದು ಬಿಟ್ತು... ಎರಡು ಬಿಟ್ತು." ಐದನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಕಸ್ತೂರಿ ನನ್ನ ತೋಳು ಹಿಂಡುತ್ತಿದ್ದಳು. "ಐದು ಬಿಟ್ತು" ಎಂದಾಗ ಊರೆಲ್ಲ ಉಸಿರು ಬಿಟ್ಟಿತು. ಎಂಟೂ ಮುಗಿದು ಆಕೆ ಹೊರಗೆ ಬಂದಾಗ ಮುಖ ಪೂರ್ತಿ ಕಪ್ಪು, ಕಣ್ಣೆರಡೇ ಬಿಳಿ. ಕಟ್ಟೆಯ ಮೇಲೆ ಹತ್ತಿ ಹೆಬ್ಬೆರಳಿನಿಂದ ಅಲ್ಲಲ್ಲಿ ಬಡಿದು ಕೇಳಿದಳು. "ಹತ್ತರಿ ಹೆಗಲಿಗೆ."

ಅರವತ್ತು ಹೆಗಲುಗಳ ಮೇಲೆ ಹಸೆಗಟ್ಟೆ ಬೀದಿಯಲ್ಲಿ ಹೊರಟಿತು. ಹೆಂಗಸರು ತಮಗೇ ತಿಳಿಯದೆ ಸೋಬಾನೆ ಎತ್ತಿದರು. ಹಸೆಗಟ್ಟೆ ಎಂದ ಮೇಲೆ ಸೋಬಾನೆ ಬಾಯಿಗೆ ಬಾರದೆ ಇರುತ್ತದೆಯೇ? ಎಣ್ಣೆಯವನ ಮನೆಯ ತಿರುವಿನಲ್ಲಿ ಅಗಲ ಸಾಲದೆ ಅಡ್ಡ ಮಾಡಬೇಕಾಯಿತು. ಆಗ ಅವನ ಹೆಂಡತಿ ಮಾಳಿಗೆಯ ಮೇಲಿನಿಂದ, "ಗ್ವಾಡಿ ಕಿತ್ತರೂ ಚಿಂತಿಲ್ಲ, ಹೋಗ್ರಿ ಹೋಗ್ರಿ!" ಎಂದು ಕೂಗಿದಳು. ನೀರಿಗೆ ಇಳಿಸಿದಾಗ ಅದು ಒಮ್ಮೆ ಬಾಗಿ, ಎದ್ದು, ತೊಟ್ಟಿಲಿನಂತೆ ತೂಗಿ ನಿಂತಿತು.

ಕಂದೀಲನ್ನು ಮೇಷ್ಟ್ರ ಕೈಗೆ ಕೊಟ್ಟು ಬುಡೇನಸಾಬ, ನೀಲಗಂಗವ್ವ ಮತ್ತು ನಾನು ಹತ್ತಿದೆವು. ನಾನು ಯಾಕೆ ಹತ್ತಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮೂರನೆಯ ಬೆಸುಗೆಯ ಹತ್ತಿರ ಕೂರಬೇಕಾಗಿತ್ತು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಬುಡೇನಸಾಬ ನೂಕುವ ಗಳು ಊರುವಷ್ಟರಲ್ಲಿ ಕಸ್ತೂರಿ ಜಿಗಿದು ಹತ್ತಿದಳು.

"ಇಳೀ. ಮದುಮಗಳು ನೀ" ಎಂದಳು ಅಜ್ಜಿ.

"ಹಸಿ ಎಲ್ಲಿಗೆ ಹೋಗತೈತೋ ಮದುಮಗಳೂ ಅಲ್ಲಿಗೇ. ಬುಡೇನಣ್ಣ, ನೂಕು."

ಬುಡೇನಸಾಬ ಅಜ್ಜಿಯ ಮುಖ ನೋಡಲಿಲ್ಲ, ನೂಕಿದ.

ದಿಬ್ಬ ಮುಟ್ಟಿದಾಗ ನಡುಹಗಲಿಗೆ ಇನ್ನೂ ಹೊತ್ತಿತ್ತು. ಗುಡಿಸಲೊಳಗೆ ಮೊಣಕಾಲುದ್ದ ನೀರು. ಹತ್ತೊಂಬತ್ತು ಮಂದಿಯೂ ಕಲ್ಲಂಗಡಿಯ ರಾಶಿಯ ಮೇಲೆ ಹತ್ತಿ ಕುಳಿತು, ಬಾಯಿ ಗಲ್ಲವೆಲ್ಲ ಕೆಂಪಾಗಿ, ಹಣ್ಣು ತಿನ್ನುತ್ತಿದ್ದರು. ಎರಡು ದಿನದಿಂದ ಅದೇ ಊಟ. ಹಸೆಗಟ್ಟೆ ಬರುವುದನ್ನು, ಅದರ ಮೇಲೆ ಅರಿಶಿನದ ಮೈಯ ಕಸ್ತೂರಿ ನಿಂತಿರುವುದನ್ನು ನೋಡಿ ಮುದಕಪ್ಪ ಕೈಲಿದ್ದ ಹೋಳನ್ನು ನೀರಿಗೆ ಬೀಳಿಸಿದ. "ನೀ ಯಾಕ ಬಂದಿ?" ಎಂದ.

"ನೀ ಬರಲಿಲ್ಲಲ್ಲ, ಅದಕ್ಕ" ಎಂದಳು ಅವಳು.

ಹುಲಿಗೆವ್ವ ರಾಶಿಯ ತುದಿಯಿಂದ ಇಳಿಯಲಿಲ್ಲ. ದಪ್ಪ ಆಳು, ಹೆಗಲಿಗೆ ಹಗ್ಗದ ಸುರುಳಿ. ಎಲ್ಲರೂ ಹತ್ತಿದ ಮೇಲೂ ಕುಳಿತೇ ಇದ್ದಳು. "ಹೇಳು ಆಕಿಗೆ" ಎಂದಳು ನನಗೆ, "ಹಣ್ಣು ಬಿಟ್ಟು ನಾ ಬರೂದಿಲ್ಲ. ಬೀಗರ ಊಟಕ್ಕ ಕೊಡತೀನಿ ಅಂತ ಮಾತು ಕೊಟ್ಟೇನಿ."

"ಹೇಳು ಆಕಿಗೆ" ಎಂದಳು ನೀಲಗಂಗವ್ವ, "ತಲಿಗೊಂದು ಹಣ್ಣು. ಹೆಚ್ಚಿಗೆ ತಂದ್ರ ಹಣ್ಣು ಉಳೀತಾವು, ಬೀಗರು ಮುಳಗತಾರು."

"ಹೇಳು, ಹಂಗಾದ್ರ ಸುತ್ತ ಹಗ್ಗ ಬಿಗೀತೀನಿ. ಆಕೀ ಅಂಟು ನಂಬಿ ನಾ ಹತ್ತೂದಿಲ್ಲ."

ನೀಲಗಂಗವ್ವನ ಮೂಗಿನ ಹೊಳ್ಳೆ ಅರಳಿತು. ಬುಡೇನಸಾಬ ನೀರು ನೋಡಿ, "ಯವ್ವಾ, ಜಗಳಾ ದಂಡಿ ಮ್ಯಾಲೆ ಮಾಡೂಣು" ಎಂದು ಕೈ ಮುಗಿದ. ಆಕೆ ಮುಖ ತಿರುಗಿಸಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು ನಾನು ತಲೆಯಾಡಿಸಿದೆ. ಹುಲಿಗೆವ್ವ ಹಸೆಗಟ್ಟೆಯ ಸುತ್ತ ಮೂರು ಸುತ್ತು ಹಗ್ಗ ಬಿಗಿದು, ಎಂಥದೋ ಗಂಟು ಹಾಕಿ, ಕೊನೆಗೆ ಹತ್ತಿ ಕುಳಿತಳು. ತಲೆಗೊಂದು ಹಣ್ಣು ಅಪ್ಪಿಕೊಂಡು ಇಪ್ಪತ್ತಮೂರು ಮಂದಿ ಹೊರಟೆವು.

ಅರ್ಧ ದಾರಿ ಸರಿಯಾಗಿತ್ತು. ಯಾರೋ ಹಾಡುತ್ತಿದ್ದರು. ಮುದಕಪ್ಪನೂ ಒಂದು ಗಳು ಹಿಡಿದಿದ್ದ. ಆಗ ನನ್ನ ಪಾದಕ್ಕೆ ತಣ್ಣಗಾಯಿತು. ಕೆಳಗೆ ನೋಡಿದೆ. ಕಂದೀಲಿನ ಬೆಳಕು ತಾಗಿಬಿಟ್ಟಿದ್ದ ನನ್ನ ಬೆಸುಗೆಯ ಕೊನೆಯ ಗೇಣು ಜೇನಿನಂತೆ ಇಳಿದು, ಅಲ್ಲಿಂದ ಸೀಳು ನಿಧಾನವಾಗಿ ಮುಂದಕ್ಕೆ ಬಿಚ್ಚಿಕೊಳ್ಳುತ್ತಿತ್ತು. ನೀರು ಪುಟ್ಟ ಕಾರಂಜಿಯಂತೆ ಮೇಲೆ ಬಂತು. ಹಾಡು ನಿಂತಿತು.

"ಅದು ನಂದು" ಎಂದೆ. "ಕಾಡಿಗಿ ಸಾಲಲಿಲ್ಲ. ತೆಳ್ಳಗ ಸವರಿ ಸುಮ್ಮನಾಗಿಬಿಟ್ಟೆ. ನೀಲವ್ವ, ಅದು ನಂದು ತಪ್ಪು."

ಆಕೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಬೈಯಲಿಲ್ಲ. "ಆಮ್ಯಾಲೆ ಬೈತೀನಿ" ಎಂದಳು. ಅಷ್ಟರಲ್ಲೇ ಸೀಳಿನ ಮುಂದೆ ಮಂಡಿಯೂರಿ, ಸೊಂಟದ ಕುಡಿಕೆಯ ಅಂಟನ್ನು ಸೀಳಿನುದ್ದಕ್ಕೂ ಸುರಿಯುತ್ತಿದ್ದಳು. "ಎರಡೂ ಕಡಿಂದ ಒತ್ತರಿ. ಅಂಗೈಲೆ, ಮೊಣಕಾಲಿಲೆ, ಹೆಂಗ ಆದರೂ. ಬಿಡಬ್ಯಾಡ್ರಿ."

ನಾನು ಬೋರಲು ಬಿದ್ದು ಎರಡೂ ಕೈ ಒತ್ತಿದೆ. ಆ ಕಡೆಯಿಂದ ಐದಾರು ಜನ ಒತ್ತಿದರು. ತುದಿಯಲ್ಲಿ ಹುಲಿಗೆವ್ವ ಹಗ್ಗದ ಗಂಟಿಗೆ ಕೋಲು ತೂರಿಸಿ ತಿರುವುತ್ತಿದ್ದಳು. ಪ್ರತಿ ತಿರುವಿಗೂ ಹಲಗೆಗಳು ಕಿರುಗುಟ್ಟುತ್ತಾ ಹತ್ತಿರ ಬಂದವು. ನಡುವೆ ಮಾತ್ರ ಎರಡು ಬೆರಳಿನಷ್ಟು ಬಾಯಿ ಬಿಟ್ಟೇ ಇತ್ತು. ನೀಲಗಂಗವ್ವ ಅಲ್ಲಿ ತನ್ನ ಬಲಗೈ ಅಡ್ಡ ಇಟ್ಟಳು. ಆಕೆಯ ಕೈಯೊಂದೇ ಸಾಲಲಿಲ್ಲ. ಹುಲಿಗೆವ್ವ ಕೋಲನ್ನು ಮುದಕಪ್ಪನಿಗೆ ಕೊಟ್ಟು, ತೆವಳಿಕೊಂಡು ಬಂದು, ತನ್ನ ಅಗಲವಾದ ಎಡಗೈಯನ್ನು ಆ ಕೈಯ ಮೇಲೆ ಹೇರಿ ಒತ್ತಿದಳು. ಕಾರಂಜಿ ನಿಂತಿತು.

"ಬಿಸಲಿಲ್ಲದ ಅಂಟು ಏನ್ ಉಪಯೋಗ?" ಎಂದಳು ಏದುಸಿರಿನಲ್ಲಿ. ಒಂಬತ್ತು ವರ್ಷದಲ್ಲಿ ನನ್ನನ್ನು ನಡುವೆ ಇಟ್ಟುಕೊಳ್ಳದೆ ಆಡಿದ ಮೊದಲ ಮಾತು ಅದು.

"ನೀರಿಗೆ ಅಡ್ಡ ಆಗತೈತಿ. ಮಂದ ಐತಿ, ನುಗ್ಗಗೊಡೂದಿಲ್ಲ. ನೀ ಒತ್ತು."

"ಒತ್ತಾಕತ್ತೇನಿ."

"ಇನ್ನೂ ಒತ್ತು."

ಬುಡೇನಸಾಬ ನೂಕುತ್ತಿದ್ದ. ಎಷ್ಟು ಹೊತ್ತು ಹಾಗಿದ್ದೆವೋ. ನನ್ನ ಮುಖ ಹಲಗೆಗೆ ಒತ್ತಿಕೊಂಡಿತ್ತು, ಒಂದೇ ಕಣ್ಣಿಗೆ ನೀರು ಕಾಣುತ್ತಿತ್ತು. ಆ ಬೂದು ನೀರಿನ ಮೇಲೆ, ಬಹಳ ದೂರದಲ್ಲಿ, ಬಿಳಿಯದೊಂದು ಪಟ್ಟಿ ಮೂಡಿತು. ಅದು ನಮ್ಮ ಕಡೆಗೆ ಓಡಿ ಬಂತು. ಬೆನ್ನು ಬೆಚ್ಚಗಾಯಿತು. ಮೂರು ದಿನದ ಮೋಡ ನಟ್ಟನಡುವೆ ಹರಿದು, ಸುಡುಸುಡು ಬಿಸಿಲು ನೆತ್ತಿಯ ಮೇಲೆ ಸುರಿಯಿತು.

ಎಲ್ಲರೂ ಹೋ ಎಂದು ಕೂಗಿದರು. ನೀಲಗಂಗವ್ವ ಮಾತ್ರ, "ಕೈ ತಗೀರಿ! ಬೆರಳಿಗೆ ಹತ್ತಿದ್ದು ತೆಳು ಅಂಟು, ಎಲಿ ಅಡಿಕಿ ಅಗಿಯೂದ್ರಾಗ ಹಿಡೀತೈತಿ!" ಎಂದು ಚೀರಿದಳು. ಯಾರು ತೆಗೆಯುತ್ತಾರೆ? ತೆಗೆದರೆ ಬಾಯಿ ಬಿಡುತ್ತದೆಯೆಂಬ ಭಯ. ಎಲೆಅಡಿಕೆ ಅಗಿಯುವಷ್ಟರಲ್ಲಿ ಹಿಡಿದೇ ಬಿಟ್ಟಿತು. ನನ್ನ ಎರಡು ಅಂಗೈ ಹಲಗೆಗೆ. ನನ್ನೆದುರಿನವನ ಮೊಣಕೈ ನನ್ನ ಹೆಬ್ಬೆರಳಿಗೆ. ಒಬ್ಬಳ ಸೆರಗು, ಒಬ್ಬನ ಮೀಸೆಯ ತುದಿ, ಮೂರು ಕಲ್ಲಂಗಡಿ. ನೀಲಗಂಗವ್ವನ ಬಲಗೈ ಹುಲಿಗೆವ್ವನ ಎಡಗೈಗೆ. ಅವೆರಡೂ ಹಲಗೆಯಿಂದ ಕೂದಲೆಳೆಯಲ್ಲಿ ಬಿಡಿಸಿಕೊಂಡು ಬಂದವು, ಆದರೆ ಒಂದನ್ನೊಂದು ಬಿಡಲಿಲ್ಲ. ಕಂದೀಲು ದಂಡೆಯಲ್ಲಿ ಮೇಷ್ಟ್ರ ಕೈಯಲ್ಲಿತ್ತು.

ಆಮೇಲೆ ಬುಡೇನಸಾಬ ನಗತೊಡಗಿದ. ಅರ್ಧ ಗಡ್ಡದ ಅವನ ಮುಖ ನೋಡಿ ಉಳಿದವರು ಶುರುಮಾಡಿದರು. ನಗುವಿಗೆ ಹಸೆಗಟ್ಟೆ ಅಲುಗಾಡಿತು, ಆದರೆ ಬೆಸುಗೆ ಬಡಿದರೆ ಹಿತ್ತಾಳೆ.

ನೀಲಗಂಗವ್ವ ನಗುತ್ತಿರಲಿಲ್ಲ. ಆಕಾಶ ನೋಡುತ್ತಿದ್ದಳು. ಹರಿದ ಮೋಡದ ಅಂಚುಗಳು ಮತ್ತೆ ಹತ್ತಿರ ಬರುತ್ತಿದ್ದವು. ತಟ್ಟನೆ ಎದ್ದಳು. ಹುಲಿಗೆವ್ವನೂ ಏಳಬೇಕಾಯಿತು. "ಕಸ್ತೂರಿ! ಮುದಕಪ್ಪ! ಇಲ್ಲಿ ಬರ್ರಿ, ಕಿರುಬೆರಳು ತಗೀರಿ. ಹೊತ್ತು ನಡುನೆತ್ತಿ ಮ್ಯಾಲೈತಿ, ಹಸಿ ಕಾಲಾಗ ಐತಿ. ಮತ್ತ ಯಾವಾಗ ಬರತೈತೋ ಈ ಬಿಸಲಾ."

ಮುದಕಪ್ಪ ಕೋಲು ಬಿಟ್ಟು ಓಡಿ ಬಂದ. ಇಬ್ಬರೂ ಬೆರಳು ಚಾಚಿದರು, ಅವಳದು ಅರಿಶಿನದ್ದು, ಅವನದು ಕಲ್ಲಂಗಡಿಯ ಕೆಂಪಿನದು. ಕುಡಿಕೆಯ ತಳದಲ್ಲಿ ಒಂದು ಹನಿ ಅಂಟು ಉಳಿದಿತ್ತು. ನೀಲಗಂಗವ್ವ ಎಡಗೈ ಬೆರಳು ಅದ್ದಲು ಹೋದಳು.

"ಎಡಗೈಲೆ ಬ್ಯಾಡ!" ಎಂದಳು ಹುಲಿಗೆವ್ವ.

"ಬಲಗೈ ನಿನ್ನ ಹಂತ್ಯಾಕ ಐತಿ. ಎಲ್ಲಿಂದ ತರ್ಲಿ?"

ಹುಲಿಗೆವ್ವ ತನ್ನ ಬಲಗೈ ನೋಡಿಕೊಂಡಳು. ಹಗ್ಗ ಎಳೆದು ಎಳೆದು ಗೀರು ಬಿದ್ದ ಕೈ. ಜನ್ಮದಲ್ಲಿ ಅಂಟು ಮುಟ್ಟಿದವಳಲ್ಲ. ನೀಲಗಂಗವ್ವ ಕುಡಿಕೆಯನ್ನು ಆಕೆಯ ಕಡೆ ಓರೆ ಮಾಡಿದಳು. ಹುಲಿಗೆವ್ವ ತೋರುಬೆರಳು ಅದ್ದಿ, ಮೊಮ್ಮಗನ ಕಿರುಬೆರಳಿಗೂ ಕಸ್ತೂರಿಯ ಕಿರುಬೆರಳಿಗೂ ನಿಧಾನವಾಗಿ ಸವರಿದಳು. "ಇಷ್ಟು ಸಾಕೇನು?" ಎಂದು ಕೇಳಿದಳು.

"ಸಾಕ. ಚೊಲೋ ಹಚ್ಚೀದಿ" ಎಂದಳು ನೀಲಗಂಗವ್ವ.

ಇಬ್ಬರ ಬೆರಳೂ ಬಿಸಿಲಿಗೆ ಹಿಡಿದವು. ಅಕ್ಕಿಕಾಳು ಹಾಕೋಣವೆಂದರೆ ಅಕ್ಕಿ ದಂಡೆಯಲ್ಲಿತ್ತು. ಯಾರೋ ಅಪ್ಪಿಕೊಂಡಿದ್ದ ಕಲ್ಲಂಗಡಿಯನ್ನು ಒಡೆದು ಹಂಚಿ, ಬೀಜಗಳನ್ನು ಬಾಯಿಂದ ಫೂ ಎಂದು ಉಗುಳಿದರು. ಎಲ್ಲರೂ ಅದನ್ನೇ ಮಾಡಿದರು. ಕಸ್ತೂರಿ ತಲೆತುಂಬ ಕಪ್ಪು ಬೀಜ ಹೊತ್ತು, ನಗುತ್ತಾ ಅಳುತ್ತಾ ನಿಂತಿದ್ದಳು. ಅವಳ ಕಿರುಬೆರಳು ಗಟ್ಟಿಯಾಗುತ್ತಿದ್ದಂತೆ ಮೋಡ ಮುಚ್ಚಿಕೊಂಡಿತು.

ದಂಡೆಗೆ ಬಂದಾಗ ಊರು ಅಲ್ಲೇ ಒಲೆ ಹೂಡಿತ್ತು. ಮೇಷ್ಟ್ರು ಕಂದೀಲು ಹಿಡಿದು ಬಂದರು. ನೀಲಗಂಗವ್ವ ನಿಂತಲ್ಲಿಂದಲೇ ಹೇಳಿಕೊಟ್ಟಳು, ಅವರು ಒಬ್ಬೊಬ್ಬರನ್ನಾಗಿ ಬಿಡಿಸಿದರು. ನನ್ನ ಸರದಿ ಬಂದಾಗ ಆಕೆ ಸಾಲ ಉಳಿಸಿಕೊಳ್ಳದೆ ಬೈದಳು, ನನ್ನ ಅಪ್ಪನ ಅಪ್ಪನವರೆಗೂ ಹೋದಳು. ಕೈ ಹಲಗೆಗೆ ಅಂಟಿದ್ದರಿಂದ ಓಡುವ ಹಾಗೂ ಇರಲಿಲ್ಲ, ಪೂರ್ತಿ ಕೇಳಿಸಿಕೊಂಡೆ. ಕೇಳಿದ ಮೇಲೆ ಎದೆ ಹಗುರಾಯಿತು.

ಎಲ್ಲರದೂ ಮುಗಿದು, ಮಾರನೆಯ ಮಧ್ಯಾಹ್ನದವರೆಗೆ ಬಿಚ್ಚಬಾರದ ಮದುಮಕ್ಕಳ ಬೆರಳನ್ನು ಬಿಟ್ಟರೆ, ಇಬ್ಬರು ಅಜ್ಜಿಯರ ಕೈ ಮಾತ್ರ ಉಳಿಯಿತು. ಮೇಷ್ಟ್ರು ಕಂದೀಲು ಎತ್ತಿಕೊಂಡು ಹತ್ತಿರ ಹೋದರು. ಅಷ್ಟರಲ್ಲಿ ಎಲೆ ಹಾಕಿ ಅನ್ನ ಬಡಿಸಿಯಾಗಿತ್ತು. "ಇರಲಿ, ಉಂಡ ಮ್ಯಾಲೆ ನೋಡೂಣು. ಅನ್ನ ಆರತೈತಿ" ಎಂದಳು ಹುಲಿಗೆವ್ವ. ನೀಲಗಂಗವ್ವ ಬೇಡವೆನ್ನಲಿಲ್ಲ. ಇಬ್ಬರೂ ಒಂದೇ ಎಲೆಯ ಮುಂದೆ ಕುಳಿತರು. ಬಿಡುವಾಗಿದ್ದ ಬಲಗೈ ಹುಲಿಗೆವ್ವನದೊಂದೇ. ಆಕೆ ಸಾರು ಕಲಸಿ ಮೊದಲ ತುತ್ತನ್ನು ನೀಲಗಂಗವ್ವನ ಬಾಯಿಗಿಟ್ಟಳು, ಎರಡನೆಯದನ್ನು ತಾನು ತಿಂದಳು.

"ಉಪ್ಪು ಕಡಿಮಿ" ಎಂದಳು ನೀಲಗಂಗವ್ವ.

ಹುಲಿಗೆವ್ವ ಎಲೆಯ ತುದಿಯಿಂದ ಎರಡು ಹರಳು ಉಪ್ಪು ತೆಗೆದು, ಬೆರಳಲ್ಲಿ ಪುಡಿ ಮಾಡಿ, ಅನ್ನಕ್ಕೆ ಬೆರೆಸಿ ಮತ್ತೊಂದು ತುತ್ತು ಕಟ್ಟಿದಳು. "ಬಾಯಿ ತಗೀ" ಎಂದಳು.

ನಲವತ್ತು ವರ್ಷ ಊರಿಗೆಲ್ಲ ಅಪ್ಪಣೆ ಮಾಡಿದ ನೀಲಗಂಗವ್ವ ಬಾಯಿ ತೆರೆದಳು.